ಅಂಗಡಿ ಹುಡುಗಿಯ ಪಾದಕ್ಕೆ ಕ್ಯಾಮೆರಾ ಹಿಡಿದ ಲೋಯಿಸ್ ವೆಬರ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೂಕಿ ಸಿನಿಮಾಗಳ ಬಗ್ಗೆ ಬಂದ ಪುಟ ಓದಿದೆ. ಫಾಲ್ಕೆಯವರಿದ್ದರು, ಚಾಪ್ಲಿನ್ ಇದ್ದರು, ಗ್ರಿಫಿತ್ ಇದ್ದರು. ಚಿತ್ರಗಳೂ ಚೆನ್ನಾಗಿದ್ದವು, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಅಷ್ಟು ದೊಡ್ಡ ಪುಟದಲ್ಲಿ ಸಿನಿಮಾ ನಿರ್ದೇಶಿಸಿದ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಆ ಕಾಲದಲ್ಲಿ ಹೆಂಗಸರು ಎಲ್ಲಿ ಸಿನಿಮಾ ತೆಗೆಯುತ್ತಿದ್ದರು ಅಂತ ನೀವು ಕೇಳಬಹುದು. ತೆಗೆಯುತ್ತಿದ್ದರು. ನಮ್ಮ ದೇಶದಲ್ಲೇ ಫಾತ್ಮಾ ಬೇಗಂ 1926ರಲ್ಲಿ 'ಬುಲ್‌ಬುಲ್-ಎ-ಪರಿಸ್ತಾನ್' ಎಂಬ ಮೂಕಿ ಚಿತ್ರ ನಿರ್ದೇಶಿಸಿದ್ದರು. ಅದಕ್ಕೂ ಮೊದಲು ಅಮೆರಿಕದಲ್ಲಿ ಲೋಯಿಸ್ ವೆಬರ್ ಅಂತ ಒಬ್ಬರಿದ್ದರು. ಈ ಪತ್ರ ಅವರ ಬಗ್ಗೆ, ಅದರಲ್ಲೂ 1916ರಲ್ಲಿ ಅವರು ತೆಗೆದ 'ಶೂಸ್' ಎಂಬ ಒಂದು ಚಿತ್ರದ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ. ಆದರೂ ಕಡಿತ ಮಾಡದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಬಳ್ಳಾರಿಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುವವಳು. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳೇ ಈ ಸಿನಿಮಾ ಹುಡುಕಿದ್ದು. "ಅಮ್ಮಾ, ಇದ್ರಾಗೆ ನಿನ್ನಂಗೇ ಅಂಗಡೀಲಿ ನಿಲ್ಲೋಳು ಒಬ್ಬಳಿದಾಳೆ, ಬಾ ಇಲ್ಲಿ" ಅಂತ ಮೊಬೈಲ್ ಹಿಡಿದುಕೊಂಡು ಬಂದಳು. ನೂರು ವರ್ಷಕ್ಕಿಂತ ಹಳೆಯ ಸಿನಿಮಾ, ಮಾತಿಲ್ಲ, ಬಣ್ಣವೂ ಅಲ್ಲಲ್ಲಿ ತೆಳುವಾಗಿ ಬಳಿದ ಹಾಗೆ. ಹತ್ತು ನಿಮಿಷ ನೋಡಿ ಅಡುಗೆಗೆ ಏಳೋಣ ಅಂತ ಕೂತೆ. ಒಂದು ಗಂಟೆ ಎದ್ದೇಳಲಿಲ್ಲ.

ಕಥೆ ಹೇಳುತ್ತೇನೆ. ಈವಾ ಮೇಯರ್ ಅಂತ ಒಬ್ಬ ಹುಡುಗಿ. ಐದು ಸೆಂಟು, ಹತ್ತು ಸೆಂಟಿನ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸ. ನಮ್ಮ ಕಡೆ 'ಯಾವ್ದು ತಗೊಂಡ್ರೂ ಇಪ್ಪತ್ತು ರೂಪಾಯಿ' ಅಂತ ಕೂಗಿ ಮಾರುತ್ತಾರಲ್ಲ, ಅದನ್ನೇ ದೊಡ್ಡ ಅಂಗಡಿ ಮಾಡಿದ ಹಾಗೆ. ವಾರಕ್ಕೆ ಐದು ಡಾಲರ್ ಸಂಬಳ. ಮನೆಯಲ್ಲಿ ಅಪ್ಪ, ಅಮ್ಮ, ಮೂವರು ತಂಗಿಯರು. ಅಪ್ಪನಿಗೆ ಕೆಲಸವಿಲ್ಲ. ಹುಡುಕುವುದೂ ಇಲ್ಲ. ಹಾಸಿಗೆ ಮೇಲೆ ಬಿದ್ದುಕೊಂಡು ಅಗ್ಗದ ಕಾದಂಬರಿ ಓದುತ್ತಾನೆ, ಪೈಪು ಸೇದುತ್ತಾನೆ. ಅಮ್ಮ ಬೇರೆಯವರ ಬಟ್ಟೆ ಒಗೆದು ನಾಲ್ಕು ಕಾಸು ಮಾಡುತ್ತಾಳೆ. ಈವಾ ವಾರದ ಸಂಬಳವನ್ನು ತಂದು ಅಮ್ಮನ ಕೈಗಿಡುತ್ತಾಳೆ. ದಿನಸಿ ಮತ್ತು ಬಾಡಿಗೆಗೆ ಅದು ಮುಗಿದುಹೋಗುತ್ತದೆ.

ಅವಳ ಬೂಟು ಸವೆದಿದೆ. ಅಷ್ಟೇ ಕಥೆ. ಇಡೀ ಸಿನಿಮಾ ಆ ಬೂಟಿನ ಮೇಲೆ ನಡೆಯುತ್ತದೆ. ಅಟ್ಟೆ ತೂತು ಬಿದ್ದಿದೆ, ಹೊಸದು ಕೊಳ್ಳಲು ದುಡ್ಡಿಲ್ಲ. ಮುಂದಿನ ವಾರ ಕೊಡಿಸುತ್ತೇನೆ ಅಂತ ಅಮ್ಮ ಹೇಳುತ್ತಾಳೆ. ಆ ವಾರ ಬರುತ್ತದೆ, ದುಡ್ಡು ಬೇರೆ ಕಡೆ ಹೋಗುತ್ತದೆ. ದಾರಿಯಲ್ಲಿ ಅಂಗಡಿಯೊಂದರ ಗಾಜಿನೊಳಗೆ ಹೊಸ ಬೂಟು ಇಟ್ಟಿದ್ದಾರೆ. ಕೆಲಸಕ್ಕೆ ಹೋಗುವಾಗ, ಬರುವಾಗ ಅದರ ಮುಂದೆ ನಿಲ್ಲುತ್ತಾಳೆ. ರಾತ್ರಿ ಕೂತು ರಟ್ಟಿನ ಮೇಲೆ ಪಾದದ ಅಳತೆಗೆ ಕತ್ತರಿಸಿ ಬೂಟಿನೊಳಗೆ ಇಟ್ಟುಕೊಳ್ಳುತ್ತಾಳೆ. ಮಳೆ ಬಂದರೆ ರಟ್ಟು ನೆನೆದು ಮುದ್ದೆ. ನೆಗಡಿ, ಜ್ವರ. ಮತ್ತೆ ಅದೇ ಒದ್ದೆ ಬೂಟಿನಲ್ಲಿ ದಿನವೆಲ್ಲಾ ಕೌಂಟರಿನ ಹಿಂದೆ ನಿಲ್ಲಬೇಕು.

ನೈಟ್ ಕ್ಲಬ್ಬಿನಲ್ಲಿ ಹಾಡುವ ಚಾರ್ಲಿ ಅಂತ ಒಬ್ಬನಿದ್ದಾನೆ. ಅವನ ಕಣ್ಣು ಇವಳ ಮೇಲಿದೆ. ಕೊನೆಗೆ ಒಂದು ರಾತ್ರಿ ಈವಾ ಅವನ ಬಳಿಗೆ ಹೋಗುತ್ತಾಳೆ. ಹೊರಡುವ ಮುಂಚೆ ಬಿರುಕು ಬಿಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಅಲ್ಲಿ ಏನಾಯಿತು ಅಂತ ವೆಬರ್ ತೋರಿಸುವುದಿಲ್ಲ. ಮರುದಿನ ಅವಳು ಹೊಸ ಬೂಟು ಹಾಕಿಕೊಂಡು ಮನೆಗೆ ಬರುತ್ತಾಳೆ. ಅಮ್ಮ ಬೂಟು ನೋಡುತ್ತಾಳೆ, ಮಗಳ ಮುಖ ನೋಡುತ್ತಾಳೆ, ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಅದೇ ಹೊತ್ತಿಗೆ ಅಪ್ಪ ಬಂದು ತನಗೆ ಕೆಲಸ ಸಿಕ್ಕಿತು ಅಂತ ಹೇಳುತ್ತಾನೆ.

ಇದು ಸುಮ್ನೆ ಹುಟ್ಟಿದ ಕಥೆಯಲ್ಲ. ಜೇನ್ ಆಡಮ್ಸ್ ಎಂಬ ಸಮಾಜಸೇವಕಿ ಷಿಕಾಗೋದ ಬಡ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿದವರು. ಆಮೇಲೆ ನೊಬೆಲ್ ಶಾಂತಿ ಪ್ರಶಸ್ತಿಯೂ ಅವರಿಗೆ ಬಂತು. ಅವರು 1912ರ ತಮ್ಮ ಪುಸ್ತಕದಲ್ಲಿ ಒಬ್ಬ ಹುಡುಗಿಯ ವಿಷಯ ಬರೆದಿದ್ದರು. ಮೂರನೇ ಸಲ ಅಟ್ಟೆ ಹಾಕಿಸಲಾಗದಷ್ಟು ಬೂಟು ಹಾಳಾಗಿತ್ತು, ಅವಳ ಹತ್ತಿರ ತೊಂಬತ್ತು ಸೆಂಟು ಮಾತ್ರ ಇತ್ತು, ಆಗ ಅವಳು ಸೋತು ಒಂದು ಜೊತೆ ಬೂಟಿಗೆ ತನ್ನನ್ನೇ ಮಾರಿಕೊಂಡಳು ಅಂತ. ಆ ನಾಲ್ಕು ಸಾಲಿನಿಂದ ಸ್ಟೆಲ್ಲಾ ವಿನ್ ಹೆರನ್ ಎಂಬ ಲೇಖಕಿ ಒಂದು ಸಣ್ಣ ಕಥೆ ಬರೆದರು. ಆ ಕಥೆಯನ್ನು ಲೋಯಿಸ್ ವೆಬರ್ ಐದು ರೀಲಿನ ಸಿನಿಮಾ ಮಾಡಿದರು. ಮೂವರು ಹೆಂಗಸರ ಕೈ ದಾಟಿ ಬಂದ ಒಬ್ಬ ಹುಡುಗಿಯ ಕಷ್ಟ ಅದು. ಆ ಹುಡುಗಿಯ ಹೆಸರು ಯಾರಿಗೂ ಗೊತ್ತಿಲ್ಲ. ಈವಾ ಆಗಿ ನಟಿಸಿದ ಮೇರಿ ಮೆಕ್ಲಾರನ್ ಕೂಡ ಆಗಿನ್ನೂ ಹೊಸಬಳು. ಕಣ್ಣೀರು ಸುರಿಸಿ ಎದೆ ಬಡಿದುಕೊಳ್ಳುವ ನಟನೆ ಅವಳದ್ದಲ್ಲ. ಸುಸ್ತಾದ ಮುಖ ಹೇಗಿರುತ್ತದೋ ಹಾಗೇ ಇರುತ್ತಾಳೆ.

ನನಗೆ ಜಾಸ್ತಿ ತಟ್ಟಿದ್ದು ಕಥೆಗಿಂತ ಅವರು ಪಾದಗಳನ್ನು ತೋರಿಸಿದ ರೀತಿ. ಅಂಗಡಿಗೆ ಬಂದ ಗಿರಾಕಿಗೆ ನಾವು ಕಾಣುವುದು ಸೊಂಟದಿಂದ ಮೇಲೆ. ನಗುಮುಖ, ಕೈಯಲ್ಲಿ ಸೀರೆಯ ಸೆರಗು, "ಇದು ನೋಡ್ರಿ ಅಕ್ಕಾ, ನಿಮ್ಮ ಬಣ್ಣಕ್ಕೆ ಚೆನ್ನಾಗಿ ಒಪ್ತದೆ" ಅನ್ನುವ ಮಾತು. ಕೌಂಟರಿನ ಕೆಳಗೆ ಏನು ನಡೆಯುತ್ತಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಲೋಯಿಸ್ ವೆಬರ್ ಬಗ್ಗಿ ನೋಡಿದರು. ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಆ ಸವೆದ ಬೂಟನ್ನೇ ಹತ್ತಿರದಿಂದ ತೋರಿಸಿದರು. ಒಂದು ಸಲ ತೋರಿಸಿ ಬಿಡುವುದಿಲ್ಲ, ಮತ್ತೆ ಮತ್ತೆ ಅಲ್ಲಿಗೇ ಬರುತ್ತಾರೆ.

ನಮ್ಮದೂ ಅದೇ ಕಥೆ. ಹಳೇ ಕಾಲದ ಬಟ್ಟೆ ಅಂಗಡಿಯಲ್ಲಿ ಬಿಳೀ ಗಾದಿ ಹಾಸಿರುತ್ತಿದ್ದರು. ಗಿರಾಕಿಯೂ ಕೂರುತ್ತಿದ್ದರು, ತೋರಿಸುವವರೂ ಕೂರುತ್ತಿದ್ದರು. ಈಗ ಎಲ್ಲಾ ಶೋರೂಮ್. ಗಿರಾಕಿಗೆ ಕುರ್ಚಿ ಇದೆ, ನಮಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಲ್ಲಬೇಕು. ಹೊರಗೆ ಬಳ್ಳಾರಿ ಬಿಸಿಲು ಸುಡುತ್ತಿದ್ದರೂ ಒಳಗೆ ಏಸಿಗೆ ನೆಲ ಮಂಜಿನ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಮರಗಟ್ಟುತ್ತದೆ. ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಒಂದು ಕಾಲ ಮೇಲೆ ಭಾರ ಹಾಕಿ ಇನ್ನೊಂದನ್ನು ಸ್ವಲ್ಪ ಎತ್ತಿ ಹಿಡಿಯುವುದು, ಆಮೇಲೆ ಕಾಲು ಬದಲಿಸುವುದು, ಇದನ್ನು ನಮಗೆ ಯಾರೂ ಕಲಿಸಿಲ್ಲ, ತಾನಾಗಿ ಬರುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವ ಹಾಗಿಲ್ಲ. ಕ್ಯಾಮೆರಾ ಇದೆ, ಮೇಲಿನವರು ನೋಡುತ್ತಿರುತ್ತಾರೆ. ಶ್ರಾವಣ ಮಾಸದಲ್ಲಿ, ಮದುವೆ ಸೀಸನ್ನಿನಲ್ಲಿ ಊಟಕ್ಕೂ ಸರದಿ. ನನ್ನ ಜೊತೆಯವರಲ್ಲಿ ಕಾಲಿನ ನರ ಹಗ್ಗದ ಹಾಗೆ ಉಬ್ಬಿಕೊಂಡವರು ಒಬ್ಬಿಬ್ಬರಲ್ಲ. ಸೀರೆ ಉಟ್ಟಿರುತ್ತೇವಲ್ಲ, ಯಾರಿಗೂ ಕಾಣುವುದಿಲ್ಲ.

ಅಂಗಡಿಗೆ ರಜೆ ಇದ್ದ ದಿನ ಜೊತೆಯವರನ್ನು ಮನೆಗೆ ಕರೆದು ಈ ಸಿನಿಮಾ ತೋರಿಸಿದೆ. ಮಗಳು ಮೊಬೈಲನ್ನು ಟಿವಿಗೆ ಜೋಡಿಸಿದಳು. ನಡುನಡುವೆ ಇಂಗ್ಲಿಷಿನಲ್ಲಿ ಬರುವ ಬರಹದ ಕಾರ್ಡುಗಳನ್ನು ಕನ್ನಡದಲ್ಲಿ ಓದಿ ಹೇಳಿದಳು. ನಮ್ಮ ಬೀದಿಯಲ್ಲಿ ಮನೆಯಲ್ಲೇ ಜೀನ್ಸ್ ಪ್ಯಾಂಟಿಗೆ ಗುಂಡಿ ಹಾಕುವ ಕೆಲಸ ಮಾಡುವ ಒಬ್ಬರು ಖಾಲಾ ಇದ್ದಾರೆ, ಅವರೂ ಬಂದರು. ಮೊದಲು ನಗು, ಮಾತು. ಆ ಕಾಲದವರ ದೊಡ್ಡ ಟೋಪಿ ನೋಡಿ ಒಬ್ಬಳು ಕಿಸಕ್ಕನೆ ನಕ್ಕಳು. ರಟ್ಟು ಕತ್ತರಿಸುವ ದೃಶ್ಯ ಬಂದಾಗ ಮಾತು ನಿಂತಿತು. "ರಟ್ಟು ನೀರಿಗೆ ನಿಲ್ಲಂಗಿಲ್ಲಕ್ಕ, ನಾನೂ ಹಾಕಿ ನೋಡೀನಿ" ಅಂದಳು ಮೋಕಾ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಅವಳು ಸ್ಕೂಲಿಗೆ ಹೋಗುವಾಗಿನ ಮಾತು ಅದು. ಈಗಲೂ ನಮ್ಮಲ್ಲಿ ಉಂಗುಷ್ಠ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಸಂಬಳದ ದಿನದವರೆಗೆ ಎಳೆಯುವವರಿದ್ದಾರೆ. ಮಾಡಿಟ್ಟ ಒಗ್ಗಾಣಿ, ಮಿರ್ಚಿ ಎಲ್ಲಾ ತಣ್ಣಗಾಯಿತು.

ಈವಾ ರಾತ್ರಿ ನಿದ್ದೆ ಬಾರದೆ ಮಲಗಿರುತ್ತಾಳೆ. ಆಗ ಮೇಲಿನಿಂದ ಒಂದು ದೊಡ್ಡ ಕೈ ಇಳಿದುಬಂದು ಅವಳನ್ನು ಹಿಡಿಯಲು ನೋಡುತ್ತದೆ. ಆ ಕೈ ಮೇಲೆ ಬಡತನ ಅಂತ ಬರೆದಿರುತ್ತದೆ. ಒಂದು ಚಿತ್ರದ ಮೇಲೆ ಇನ್ನೊಂದನ್ನು ಮೂಡಿಸಿ ಆ ಕಾಲದಲ್ಲೇ ಅದನ್ನು ಮಾಡಿದ್ದಾರೆ. ಇವತ್ತಿನವರಿಗೆ ಅದು ಮಕ್ಕಳಾಟ ಅನ್ನಿಸಬಹುದು. ನನ್ನ ಮಗಳಿಗೂ ಹಾಗೇ ಅನ್ನಿಸಿತು. ಆದರೆ ಖಾಲಾ ಅದನ್ನು ನೋಡಿ ತಲೆ ಆಡಿಸುತ್ತಾ ಕೂತರು. ತಿಂಗಳ ಕೊನೆಯಲ್ಲಿ ಬಾಡಿಗೆ, ಸಂಘದ ಕಂತು, ಗ್ಯಾಸು ಎಲ್ಲಾ ಒಟ್ಟಿಗೇ ನೆನಪಾಗಿ ಎದ್ದು ಕೂತವರಿಗೆ ಆ ಕೈ ಗೊತ್ತು.

ಮುಗಿದ ಮೇಲೆ ದೊಡ್ಡ ಜಗಳವೇ ಆಯಿತು. "ಇನ್ನೊಂದು ದಿನ ತಡೀಬೇಕಿತ್ತು, ಅಪ್ಪನಿಗೆ ಕೆಲಸ ಸಿಕ್ಕಿತ್ತಲ್ಲ" ಅಂದಳು ನಮ್ಮಲ್ಲಿ ಚಿಕ್ಕವಳು. "ಸಿಗ್ತದೆ ಅಂತ ಅವಳಿಗೆ ಕನಸು ಬಿದ್ದಿತ್ತೇನು?" ಅಂತ ಇನ್ನೊಬ್ಬಳು. ಒಂದು ಜೊತೆ ಬೂಟಿಗೆ ಯಾರಾದರೂ ಹಾಗೆ ಮಾಡುತ್ತಾರಾ ಅಂತ ಮತ್ತೊಬ್ಬಳು. ನಾನು ಹೇಳಿದ್ದು ಇಷ್ಟೇ. ಆ ಹುಡುಗಿ ಸೋತದ್ದು ಬೂಟಿನ ಆಸೆಗಲ್ಲ. ನೋವು, ನಿದ್ದೆಯಿಲ್ಲದ ರಾತ್ರಿ, ಪ್ರತಿ ವಾರ ಕೈಗೆ ಬಂದು ಕೈಬಿಟ್ಟು ಹೋಗುವ ದುಡ್ಡು, ಇವೆಲ್ಲಾ ಸೇರಿ ಸೋಲಿಸಿದವು. ವೆಬರ್ ಒಂದು ಗಂಟೆ ಹೊತ್ತು ಅದನ್ನೇ ತೋರಿಸಿದ್ದಾರೆ. ಅವಳನ್ನು ಬೈಯುವುದಿಲ್ಲ. ಅವಳಿಗೆ ಶಿಕ್ಷೆಯನ್ನೂ ಕೊಡುವುದಿಲ್ಲ. ಜಾರಿದ ಹೆಣ್ಣು ಅಂದರೆ ಕೊನೆಗೆ ಬಾವಿಗೋ ಹೊಳೆಗೋ ಬೀಳಲೇಬೇಕು ಅಂತ ನಮ್ಮ ಎಷ್ಟೋ ಸಿನಿಮಾಗಳು ಆಮೇಲೂ ಹೇಳಿಕೊಂಡು ಬಂದವು. 1916ರಲ್ಲಿ ಈ ಹೆಂಗಸು ಅವಳನ್ನು ತಾಯಿಯ ತೋಳಿಗೆ ತಂದು ಬಿಟ್ಟರು.

ನನಗೂ ಒಂದು ಅಸಮಾಧಾನ ಇದೆ. ತಪ್ಪಿನ ಭಾರವೆಲ್ಲಾ ಆ ಸೋಮಾರಿ ಅಪ್ಪನ ಮೇಲೆ ಬಿದ್ದಿದೆ. ವಾರಕ್ಕೆ ಐದೇ ಡಾಲರ್ ಕೊಟ್ಟು ದಿನವೆಲ್ಲಾ ನಿಲ್ಲಿಸಿದ ಅಂಗಡಿಯವರನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳಬೇಕಿತ್ತು. ದುಡಿಯುವ ಅಪ್ಪ ಇದ್ದ ಮನೆಯಲ್ಲೂ ಬೂಟು ಸವೆಯುತ್ತದೆ, ಅಲ್ವಾ?

ಈ ಲೋಯಿಸ್ ವೆಬರ್ ಯಾರು, ಇದೆಲ್ಲಾ ಅವರಿಗೆ ಹೇಗೆ ಗೊತ್ತಾಯಿತು ಅಂತ ಆಮೇಲೆ ಮಗಳ ಕೈಲಿ ಹುಡುಕಿಸಿ ಓದಿಸಿಕೊಂಡೆ. 1879ರಲ್ಲಿ ಪೆನ್ಸಿಲ್ವೇನಿಯಾದ ಅಲಿಗೆನಿ ಎಂಬ ಊರಲ್ಲಿ ಹುಟ್ಟಿದವರು. ಪಿಯಾನೋ ನುಡಿಸುತ್ತಾ ಊರೂರು ಸುತ್ತಿದರು. ಒಮ್ಮೆ ಕಛೇರಿ ನಡೆಯುವಾಗ ಪಿಯಾನೋದ ಒಂದು ಮನೆ ಕಿತ್ತು ಕೈಗೇ ಬಂತಂತೆ, ಅಲ್ಲಿಗೆ ಅದನ್ನು ಬಿಟ್ಟರಂತೆ. ಹುಡುಗಿಯಾಗಿದ್ದಾಗಲೇ ಚರ್ಚಿನ ಸೇವಾದಳಕ್ಕೆ ಸೇರಿ ಪಿಟ್ಸ್‌ಬರ್ಗ್, ನ್ಯೂಯಾರ್ಕಿನ ಕೊಳೆಗೇರಿಗಳಲ್ಲಿ ಬೀದಿ ಮೂಲೆಯಲ್ಲಿ ನಿಂತು ಭಜನೆ ಹಾಡಿದವರು. ಮೈ ಮಾರಿಕೊಳ್ಳುವ ಹೆಣ್ಣುಮಕ್ಕಳಿದ್ದ ಬೀದಿಗಳಲ್ಲೂ ಕೆಲಸ ಮಾಡಿದರು. ಹಾಗಾಗಿ ಈವಾಳಂಥವರು ಅವರಿಗೆ ಪುಸ್ತಕದಲ್ಲಿ ಮಾತ್ರ ಸಿಕ್ಕವರಲ್ಲ, ಕಣ್ಣಾರೆ ನೋಡಿದವರು. ಆಮೇಲೆ ನಾಟಕಕ್ಕೆ ಹೋದರು. ಅಲ್ಲಿಂದ ಗೋಮೊಂ ಕಂಪನಿಯ ಮೂಲಕ ಸಿನಿಮಾಕ್ಕೆ ಬಂದರು. 1896ರಿಂದಲೇ ಸಿನಿಮಾ ತೆಗೆಯುತ್ತಿದ್ದ ಫ್ರಾನ್ಸಿನ ಅಲೀಸ್ ಗೀ ಆ ಕಂಪನಿಯಿಂದಲೇ ಬಂದವರು.

ಆ ಸೇವೆಯ ದಿನಗಳ ಬಗ್ಗೆ ವೆಬರ್ ಹೇಳಿದ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಒಬ್ಬರು ಎಷ್ಟು ದುಡಿದರೂ ಮುಟ್ಟಲಾಗುವುದು ಕೆಲವೇ ಜನರನ್ನು. ಅದರಲ್ಲೂ ಆ ಬೀದಿಗಳಲ್ಲಿ ಬೇರೆ ಬೇರೆ ದೇಶದಿಂದ ಬಂದವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅಂಥವರಿಗೆ ಸದ್ದಿಲ್ಲದ ಭಾಷೆ ಎಷ್ಟು ದೊಡ್ಡ ವರ ಅಂತ ಅವರಿಗೆ ಹೊಳೆಯಿತಂತೆ. ಇದು ಬಳ್ಳಾರಿಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಅಂಗಡಿಯಲ್ಲಿ ಒಂದೇ ಗಂಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸೀರೆ ಮಾರುತ್ತೇವೆ. ನಮ್ಮ ಮನೆಯಲ್ಲಿ ಸಿನಿಮಾ ನೋಡಿದ ದಿನ ಖಾಲಾಗೆ ಮಗಳು ಓದುತ್ತಿದ್ದ ಕನ್ನಡ ಪೂರ್ತಿ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಅದನ್ನು ಕೇಳುವುದನ್ನೇ ಬಿಟ್ಟರು. ಆದರೆ ಅಮ್ಮ ಬೂಟು ನೋಡಿದ ಕ್ಷಣ ನಮಗಿಂತ ಮುಂಚೆ ಅತ್ತವರು ಅವರೇ.

ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದದ್ದು 1913ರಲ್ಲಿ. ಅದರಲ್ಲಿ ತಾರಾಮತಿ ಪಾತ್ರಕ್ಕೆ ಹೆಂಗಸರು ಸಿಗದೆ ಸಾಳುಂಕೆ ಎಂಬ ಗಂಡಸೇ ಸೀರೆ ಉಟ್ಟರು. ಅದೇ 1913ರಲ್ಲಿ ಅಮೆರಿಕದಲ್ಲಿ ವೆಬರ್ 'ಸಸ್ಪೆನ್ಸ್' ಎಂಬ ಹತ್ತು ನಿಮಿಷದ ಚಿತ್ರವನ್ನು ಗಂಡ ಫಿಲಿಪ್ಸ್ ಸ್ಮಾಲಿ ಜೊತೆ ಸೇರಿ ನಿರ್ದೇಶಿಸಿ, ತಾವೇ ನಟಿಸಿದರು. ಒಂಟಿ ಮನೆಯಲ್ಲಿ ಮಗು ಎತ್ತಿಕೊಂಡ ತಾಯಿ, ಮನೆಗೆ ನುಗ್ಗುವ ಕಳ್ಳ, ದೂರದ ಆಫೀಸಿನಲ್ಲಿ ಫೋನ್ ಹಿಡಿದ ಗಂಡ, ಮೂವರನ್ನೂ ಒಂದೇ ಪರದೆಯಲ್ಲಿ ಮೂರು ತ್ರಿಕೋನ ಮಾಡಿ ಒಟ್ಟಿಗೆ ತೋರಿಸಿದ್ದಾರೆ. ನೋಡಿ, ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. 1914ರಲ್ಲಿ ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ಕಥೆಯನ್ನು ಪೂರ್ಣ ಉದ್ದದ ಚಿತ್ರ ಮಾಡಿದರು. ಅಷ್ಟು ಉದ್ದದ ಚಿತ್ರ ತೆಗೆದ ಮೊದಲ ಅಮೆರಿಕನ್ ಹೆಂಗಸು ಅಂತ ಅವರನ್ನು ಗುರುತಿಸುತ್ತಾರೆ. ಯೂನಿವರ್ಸಲ್ ಕಂಪನಿಯ ಸ್ಟುಡಿಯೋ ಊರಿಗೆ ಅವರನ್ನೇ ಮೇಯರ್ ಆಗಿ ಆರಿಸಿದ್ದರು. 1917ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಕಥೆ ಬರೆಯುವುದು, ತೆಗೆಯುವುದು, ಕತ್ತರಿಸಿ ಜೋಡಿಸುವುದು ಎಲ್ಲದರಲ್ಲೂ ಅವರ ಕೈ ಇರುತ್ತಿತ್ತು.

ಅವರು ಮಾಡಿದ್ದೆಲ್ಲಾ ಸರಿ ಅಂತ ನಾನು ಹೇಳುವುದಿಲ್ಲ. 'ಶೂಸ್' ಬಂದ ವರ್ಷವೇ ಬಂದ ಇನ್ನೊಂದು ಚಿತ್ರದಲ್ಲಿ ಬಸಿರು ತಡೆಯುವ ವಿಷಯ ಎತ್ತಿದರು. ಆ ಧೈರ್ಯ ದೊಡ್ಡದು. ಆದರೆ ಯಾರು ಮಕ್ಕಳು ಹೆರಬೇಕು, ಯಾರು ಹೆರಬಾರದು ಅಂತ ಬಡವರನ್ನು ಅಳೆಯುವ ಮಾತೂ ಅದರಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ. 1921ರ 'ದಿ ಬ್ಲಾಟ್' ಮಾತ್ರ ಮತ್ತೆ ಅದೇ 'ಶೂಸ್'ನ ಕಣ್ಣು. ಕಾಲೇಜು ಮೇಷ್ಟ್ರ ಮನೆಯ ಕಥೆ. ಓದು ಇದೆ, ಮರ್ಯಾದೆ ಇದೆ, ಸಂಬಳ ಸಾಲದು. ಪಕ್ಕದಲ್ಲಿ ಬೂಟು ಮಾಡಿ ಹಣವಂತನಾದವನ ಮನೆ. ಮಗಳಿಗೆ ಕಾಯಿಲೆಯಾದಾಗ ಮೇಷ್ಟ್ರ ಹೆಂಡತಿ ಪಕ್ಕದ ಮನೆಯ ಕೋಳಿಗೆ ಕೈ ಹಾಕುವ ಮಟ್ಟಕ್ಕೆ ಬರುತ್ತಾಳೆ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರು ಇದನ್ನು ನೋಡಬೇಕು. ಅವರನ್ನು ಅತಿಥಿಗಳಾಗಿಯೇ ಉಳಿಸಿದವರೂ ನೋಡಬೇಕು.

ಇಷ್ಟು ಮಾಡಿದ ಹೆಂಗಸು ಮರೆತುಹೋಗಿದ್ದು ಹೇಗೆ? ಸಿನಿಮಾದಲ್ಲಿ ದುಡ್ಡು ಜಾಸ್ತಿಯಾಯಿತು, ದೊಡ್ಡ ದೊಡ್ಡ ಸ್ಟುಡಿಯೋಗಳಾದವು. ಹೆಂಗಸರ ಕೈಯಿಂದ ಕೆಲಸ ಒಂದೊಂದಾಗಿ ಜಾರಿತು. ಬಡತನದ ಕಥೆ ಯಾರಿಗೆ ಬೇಕು, ಕುಣಿತ ಕೊಡಿ ಅನ್ನುವ ಕಾಲ ಬಂತು. ವೆಬರ್ ಅವರ ಕಂಪನಿ ಮುಚ್ಚಿತು, ಮದುವೆಯೂ ಮುರಿಯಿತು. ಕೊನೆಯ ಚಿತ್ರ 1934ರದ್ದು. 1939ರ ನವೆಂಬರಿನಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಫ್ರಾನ್ಸಸ್ ಮರಿಯನ್ ಎಂಬ ಚಿತ್ರಕಥೆಗಾರ್ತಿ ಅಂತ್ಯಕ್ರಿಯೆಯ ಖರ್ಚು ಕೊಟ್ಟರು. ಫ್ರಾನ್ಸಸ್‌ಗೆ ಸಿನಿಮಾದಲ್ಲಿ ಮೊದಲು ದಾರಿ ಮಾಡಿಕೊಟ್ಟದ್ದು ಇದೇ ವೆಬರ್.

ಇನ್ನೊಂದು ಸಂಗತಿ ಓದಿ ನನಗೆ ಸಂಕಟವಾಯಿತು. 1932ರಲ್ಲಿ, ವೆಬರ್ ಇನ್ನೂ ಬದುಕಿದ್ದಾಗಲೇ, ಯೂನಿವರ್ಸಲ್ ಕಂಪನಿಯವರು ಈ 'ಶೂಸ್' ಚಿತ್ರವನ್ನೇ ತುಂಡು ಮಾಡಿ, ಅದರ ಮೇಲೆ ತಮಾಷೆಯ ಮಾತು ಸೇರಿಸಿ 'ದಿ ಅನ್‌ಶಾಡ್ ಮೇಡನ್' ಅಂತ ಒಂದು ಕಿರುಚಿತ್ರ ಮಾಡಿ ಬಿಟ್ಟರು. ಹಳೇ ಸಿನಿಮಾ ನೋಡಿ ಜನ ನಗಲಿ ಅಂತ. ಆ ಹುಡುಗಿ ರಟ್ಟು ಕತ್ತರಿಸುವುದನ್ನು, ಮಳೆಯಲ್ಲಿ ನೆನೆಯುವುದನ್ನು ನೋಡಿ ನಗುವುದು! ಆದರೆ ಎಂಬತ್ತು ವರ್ಷದ ಹತ್ತಿರ ಕಳೆದ ಮೇಲೆ ಆ ತುಂಡೇ ಉಪಯೋಗಕ್ಕೆ ಬಂತು. ಆಮ್‌ಸ್ಟರ್‌ಡ್ಯಾಮಿನ ಐ ಫಿಲ್ಮ್ ಸಂಸ್ಥೆಯವರ ಬಳಿ ಡಚ್ ಬರಹವಿದ್ದ ಎರಡು ಹಳೆಯ ಪ್ರತಿಗಳಿದ್ದವು. ಹಾಳಾಗಿದ್ದ ಆ ಪ್ರತಿಗಳಿಗೆ ಈ ತಮಾಷೆ ಚಿತ್ರದ ತುಣುಕುಗಳನ್ನೂ ಸೇರಿಸಿ ಮೂಲ ಸಿನಿಮಾವನ್ನು ಮತ್ತೆ ಕಟ್ಟಿದರು. 2014ರಲ್ಲಿ ಅಮೆರಿಕ ಸರ್ಕಾರ ಅದನ್ನು ಉಳಿಸಿ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ವೆಬರ್ ಅವರ ಬಹುಪಾಲು ಚಿತ್ರಗಳಿಗೆ ಈ ಅದೃಷ್ಟ ಇರಲಿಲ್ಲ, ಅವು ಕಳೆದೇಹೋದವು. ಫಾತ್ಮಾ ಬೇಗಂ ಅವರ ಚಿತ್ರವೂ ಉಳಿದಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ನಿಮಗೇ. ಮುಂದಿನ ಒಂದು ಪುರವಣಿಯಲ್ಲಿ ಈ ಹೆಂಗಸರಿಗೂ ಒಂದು ಪುಟ ಕೊಡಿ. ಲೋಯಿಸ್ ವೆಬರ್, ಅಲೀಸ್ ಗೀ, ಫಾತ್ಮಾ ಬೇಗಂ ಅವರ ಹೆಸರು ಹಾಕಿ. ಕನ್ನಡದಲ್ಲಿ 'ಫಣಿಯಮ್ಮ' ತೆಗೆದ ಪ್ರೇಮಾ ಕಾರಂತರವರೆಗೆ ಬನ್ನಿ. ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ನಾಟಕದ ನಟ ಬಳ್ಳಾರಿ ರಾಘವ ಅವರು ವೆಬರ್ ಅವರಿಗಿಂತ ಒಂದೇ ವರ್ಷ ಚಿಕ್ಕವರು. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಅಂತ ಹಟ ಹಿಡಿದು ವಕೀಲರ ಮನೆ, ಮರ್ಯಾದಸ್ಥರ ಮನೆ ಎಂದು ನೋಡದೆ ಹೆಣ್ಣುಮಕ್ಕಳನ್ನು ರಂಗದ ಮೇಲೆ ಕರೆತಂದವರು. ಅವರ ಊರಿನಲ್ಲಿ ನಿಂತು ನಾನು ಇದನ್ನು ಕೇಳುತ್ತಿದ್ದೇನೆ.

ಎರಡನೆಯದು ಅಂಗಡಿ ಮಾಲೀಕರಿಗೆ. ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಅವರು ಓದುತ್ತಾರೆ, ನನಗೆ ಗೊತ್ತು. ಕೇರಳದಲ್ಲಿ ಕೋಯಿಕ್ಕೋಡಿನ ಅಂಗಡಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಕೆಲಸಗಾರರಿಗೆ ಕೂರಲು ಆಸನ ಇಡಲೇಬೇಕು ಅಂತ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ಅದೇ ಮಾಡಿತು. ನಾವು ಕೇಳುತ್ತಿರುವುದು ಸಿಂಹಾಸನ ಅಲ್ಲ. ಕೌಂಟರಿನ ಹಿಂದೆ ಒಂದು ಸ್ಟೂಲ್. ಗಿರಾಕಿ ಬಂದ ಕೂಡಲೇ ಎದ್ದು ನಿಲ್ಲುತ್ತೇವೆ, ಅದು ನಮ್ಮ ಕೆಲಸ. ಗಿರಾಕಿ ಇಲ್ಲದ ಹತ್ತು ನಿಮಿಷ ಕೂತರೆ ಯಾವ ಸೀರೆಯ ಮಾರಾಟವೂ ನಿಲ್ಲುವುದಿಲ್ಲ. ಕೂತು ಎದ್ದವಳ ಮುಖದಲ್ಲಿ ನಗು ತಾನಾಗಿ ಬರುತ್ತದೆ, ಬರಿಸಿಕೊಳ್ಳಬೇಕಾಗಿಲ್ಲ. ಕಾಲಿಗೆ ಒಂದು ರಬ್ಬರಿನ ಮ್ಯಾಟು ಹಾಕಿಸಿ. ಏಸಿ ನೆಲದ ಮೇಲೆ ಬರಿಗಾಲಲ್ಲಿ ಒಂದು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ನೀವೇ ನಿಂತು ನೋಡಿ, ಆಮೇಲೆ ತೀರ್ಮಾನ ಮಾಡಿ.

ಇನ್ನೊಂದು ನಮ್ಮ ಊರಿನ ಕಾಲೇಜುಗಳಿಗೆ, ಸಂಘದವರಿಗೆ, ರಾಘವ ಕಲಾಮಂದಿರದಂಥ ಜಾಗದಲ್ಲಿ ಕಾರ್ಯಕ್ರಮ ಮಾಡುವವರಿಗೆ. ಈ ಸಿನಿಮಾವನ್ನು ಒಮ್ಮೆ ದೊಡ್ಡ ಪರದೆಯ ಮೇಲೆ ತೋರಿಸಿ. ಚಿತ್ರ ಒಂದು ಗಂಟೆಯದು. ಡಬ್ಬಿಂಗ್ ಬೇಕಿಲ್ಲ. ಹಿಂದೆ ಟೆಂಟಿನಲ್ಲಿ ಮೂಕಿ ಚಿತ್ರ ತೋರಿಸುವಾಗ ಪರದೆಯ ಪಕ್ಕ ಒಬ್ಬರು ನಿಂತು ಕಥೆ ಹೇಳುತ್ತಿದ್ದರು. ಹಾಗೇ ಒಬ್ಬರು ಕನ್ನಡದಲ್ಲಿ, ಒಬ್ಬರು ತೆಲುಗಿನಲ್ಲಿ ಕಾರ್ಡುಗಳನ್ನು ಓದಿದರೆ ಸಾಕು. ಹಾರ್ಮೋನಿಯಂ ನುಡಿಸುವವರಿಗೆ ನಮ್ಮ ಊರಲ್ಲಿ ಬರವಿಲ್ಲ. ಮಾಲೀಕರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಒಂದೇ ವಿಷಯ ನೆನಪಿಡಿ. ಇಂಥ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಸಂಜೆ ಐದು, ಆರಕ್ಕೆ ಇಡುತ್ತಾರೆ. ಆಗ ನಾವು ಅಂಗಡಿಯಲ್ಲಿ ನಿಂತಿರುತ್ತೇವೆ. ಬಾಗಿಲು ಹಾಕಿ, ಬಿಚ್ಚಿದ ಸೀರೆಗಳನ್ನೆಲ್ಲಾ ಮಡಚಿಟ್ಟು ಹೊರಡುವ ಹೊತ್ತಿಗೆ ಒಂಬತ್ತು ದಾಟುತ್ತದೆ. ಒಂಬತ್ತೂವರೆಗೆ ಇಡಿ. ಮುಗಿದ ಮೇಲೆ ಕೌಲ್ ಬಜಾರ್, ಮೋಕಾ, ಕುರುಗೋಡು ಕಡೆಯವರಿಗೆ ಒಂದು ಗಾಡಿ ಮಾಡಿಕೊಡಿ. ಉಳಿದವರನ್ನು ಕರೆತರುವ ಜವಾಬ್ದಾರಿ ನನ್ನದು.

ಕೆಲಸದ ಕಾರಣಕ್ಕೆ ನನ್ನ ಹೆಸರು ಹಾಕಬೇಡಿ.

ಇಂತಿ,
ಸೀರೆ ಅಂಗಡಿಯ ಒಬ್ಬ ಕೆಲಸಗಾರ್ತಿ,
ಬಳ್ಳಾರಿ